ಶಿಬಿರದಲ್ಲಿ ಮಗನಿಗೆ ಗಂಟು ಕಲಿಸಿದ ಮೇಡಂಗೆ

ಸ್ಕೌಟ್ ಶಿಬಿರದ ಮೊದಲ ಸಂಜೆ ಮಗನ ಅಳು ಜಾಸ್ತಿಯಾಗುತ್ತಲೇ ಇತ್ತು. ವಾಪಸ್ ಕರೆದುಕೊಂಡು ಹೋಗೋಣ ಎಂದುಕೊಂಡೆ. ಆಗ ನೀವು ಬಂದಿರಿ, ಮೇಡಂ. ನಿಮ್ಮ ಹೆಸರು ಕೇಳಲೂ ಆಗಲಿಲ್ಲ.

'ಅಳಬೇಡ' ಅನ್ನಲಿಲ್ಲ ನೀವು. ಅವನ ಮುಂದೆ ಮಂಡಿಯೂರಿ ಕೂತು, ನಿಮ್ಮ ಸ್ಕಾರ್ಫ್ ಬಿಚ್ಚಿ ಅವನ ಕೈಗೆ ಕೊಟ್ಟಿರಿ. ಬಲದ ತುದಿ ಎಡದ ಮೇಲೆ, ಆಮೇಲೆ ಎಡದ್ದು ಬಲದ ಮೇಲೆ. ರೀಫ್ ನಾಟ್! ಗಾಯಕ್ಕೆ ಪಟ್ಟಿ ಕಟ್ಟಲು ಇದೇ ಗಂಟು, ಚಪ್ಪಟೆಯಾಗಿ ಕೂರುತ್ತದೆ, ಬಿಚ್ಚುವುದೂ ಸುಲಭ ಎಂದಿರಿ. ಅವನು ತಪ್ಪಿದಾಗಲೆಲ್ಲ ಸುಮ್ನೆ ಕಾದಿರಿ. ಕೈಯಿಂದ ಕಿತ್ತುಕೊಂಡು ನೀವೇ ಹಾಕಲಿಲ್ಲ. ನನಗೆ ತುಂಬಾ ಹಿಡಿಸಿದ್ದು ಅದೇ.

ಗಂಟು ಸರಿಯಾಗಿ ಬಿದ್ದ ಕೂಡಲೇ ಸ್ಕೌಟ್‌ಗಳ ರೂಢಿಯಂತೆ ಎಡಗೈ ಚಾಚಿದಿರಿ. ಅವನೂ ಎಡಗೈ ಕೊಟ್ಟ, ನಿಮ್ಮ ಜೊತೆಗೇ ಹೊರಟ. ನನಗೆ ಹೋದ ಜೀವ ಬಂದಂತಾಯಿತು. ಮುಂದಿನ ಶಿಬಿರ ಯಾವಾಗ ಎಂದು ಈಗ ಅವನೇ ಕೇಳುತ್ತಿದ್ದಾನೆ. ತುಂಬಾ ಥ್ಯಾಂಕ್ಸ್, ಮೇಡಂ.