ಶುಕ್ರವಾರ ಹನ್ನೆರಡು ಗಂಟೆಗೆ

ಕವೆಂಟ್ರಿ, ಇಂಗ್ಲೆಂಡ್,
ನವೆಂಬರ್ 8, 2025

ಪ್ರೀತಿಯ ಅವ್ವ, ಅಪ್ಪ,

ಕರ್ತನಲ್ಲಿ ವಂದನೆಗಳು. ನಾನು ಆರಾಮಾಗಿದ್ದೇನೆ. ಚಳಿ ಶುರುವಾಗಿದೆ, ಅವ್ವ, ನೀನು ಕೊಟ್ಟ ಶಾಲು ದಿನಾ ಹೊದ್ದುಕೊಳ್ಳುತ್ತೇನೆ. ಶೇಂಗಾ ಚಟ್ನಿ ಇನ್ನೂ ಅರ್ಧ ಡಬ್ಬಿ ಉಳಿದಿದೆ. ಊಟದ ಚಿಂತೆ ಮಾಡಬೇಡ.

"ಶುಕ್ರವಾರ ಮಧ್ಯಾಹ್ನ ಎಲ್ಲಿ ಹೋಗಿರ್ತೀ, ಫೋನೇ ಎತ್ತೋದಿಲ್ಲ" ಅಂತ ಕೇಳಿದೆಯಲ್ಲ. ಫೋನಿನಲ್ಲಿ ಅರ್ಧಂಬರ್ಧ ಹೇಳಿ ಮುಗಿಸಿದೆ. ಅದಕ್ಕೇ ಈ ಪತ್ರ.

ಈ ಊರಿನ ನಡುವೆ ಚಾವಣಿ ಇಲ್ಲದ ಒಂದು ದೊಡ್ಡ ಚರ್ಚ್ ಇದೆ. ಹಳೇ ಕೆಥೆಡ್ರಲ್. ಸುತ್ತಲೂ ಗೋಡೆ, ಗಾಜಿಲ್ಲದ ಕಿಟಕಿಗಳು, ಎತ್ತರದ ಗೋಪುರ. ಮೇಲೆ ಬರೀ ಆಕಾಶ. 1940ರ ನವೆಂಬರ್ 14ರ ರಾತ್ರಿ ಜರ್ಮನಿಯ ಸುಮಾರು 500 ವಿಮಾನಗಳು ಬಂದು, ಬೆಳಗಾಗುವ ತನಕ ಬಾಂಬ್ ಸುರಿದವು. 500ಕ್ಕೂ ಹೆಚ್ಚು ಜನ ಸತ್ತರು. 4,000ಕ್ಕೂ ಹೆಚ್ಚು ಮನೆ ಹಾಳಾದವು. ಕೆಥೆಡ್ರಲ್ ಹೊತ್ತಿ ಉರಿಯಿತು.

ಬೆಂಕಿ ಆರಿದ ಮೇಲೆ ಒಬ್ಬ ಕಲ್ಲುಕುಟಿಗ ಒಳಗೆ ನೋಡಿದರಂತೆ. ಚಾವಣಿಯ ಎರಡು ಸುಟ್ಟ ತೊಲೆಗಳು ಒಂದರ ಮೇಲೊಂದು ಬಿದ್ದು ಶಿಲುಬೆಯ ಹಾಗೆ ಕಂಡವು. ಹಾಗೇ ಕಟ್ಟಿ ನಿಲ್ಲಿಸಿದರು. ಚಾವಣಿಯಿಂದ ಬಿದ್ದ ಹಳೇ ಕಾಲದ ಮೂರು ಮೊಳೆ ಸೇರಿಸಿ ಒಬ್ಬ ಪಾದ್ರಿ ಇನ್ನೊಂದು ಶಿಲುಬೆ ಮಾಡಿದರು. ಆಗ ಅಲ್ಲಿಯ ಮುಖ್ಯ ಪಾದ್ರಿ ರಿಚರ್ಡ್ ಹೊವಾರ್ಡ್. ಇನ್ನೂ ಆರು ವಾರ ಆಗಿಲ್ಲ, ಕ್ರಿಸ್ಮಸ್ ಬಂತು. ಆ ದಿನ ರೇಡಿಯೋದಲ್ಲಿ ಮಾತಾಡುತ್ತಾ, ಸೇಡಿನ ಯೋಚನೆ ಬಿಡೋಣ ಎಂದರು. ಯುದ್ಧ ಇನ್ನೂ ನಡೆಯುತ್ತಿತ್ತು ಅವ್ವ. ಗೋರಿಗಳ ಮಣ್ಣು ಹಸಿ ಇತ್ತು. ಎಷ್ಟು ಜನರಿಗೆ ಸಿಟ್ಟು ಬಂದಿರಬೇಕು!

ಆಮೇಲೆ ಪೀಠದ ಹಿಂದಿನ ಗೋಡೆಯಲ್ಲಿ ಎರಡೇ ಮಾತು ಕೆತ್ತಿಸಿದರು: ತಂದೆಯೇ, ಕ್ಷಮಿಸು.

ನಾನು ಮೊದಲ ಸಲ ಹೋದಾಗ ಇದೇನು ಅರ್ಧಕ್ಕೇ ನಿಂತಿದೆ ಅಂದುಕೊಂಡೆ. ಶುಭ ಶುಕ್ರವಾರ ನಮ್ಮ ಚರ್ಚಿನಲ್ಲಿ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತು ಓದುವಾಗ ಮೊದಲನೆಯದೇ "ತಂದೆಯೇ, ಅವರಿಗೆ ಕ್ಷಮಿಸು" ಅಲ್ವಾ? ಗೋಡೆಯ ಮೇಲೆ "ಅವರಿಗೆ" ಇಲ್ಲ. ಬೇಕೆಂದೇ ಬಿಟ್ಟದ್ದು. ನಾವೂ ತಪ್ಪು ಮಾಡಿದವರೇ, ನಮಗೂ ಕ್ಷಮೆ ಬೇಕು ಅಂತ. ನಾನು ಆ ಗೋಡೆಯ ಮುಂದೆ ಸುಮ್ನೆ ನಿಂತುಬಿಟ್ಟೆ. ಬಾಂಬ್ ಬಿದ್ದ ಊರಿನವರು ಆ ಒಂದು ಮಾತನ್ನು ಬಿಡುವುದು ಎಷ್ಟು ಕಷ್ಟ.

ಪ್ರತಿ ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಆ ಹಾಳು ಗೋಡೆಗಳ ನಡುವೆ ಪ್ರಾರ್ಥನೆ ಇರುತ್ತದೆ. ದೊಡ್ಡ ಗುಂಪೇನಲ್ಲ. ಹತ್ತು ಹದಿನೈದು ಜನ. ಬೇರೆ ಬೇರೆ ಸಭೆಯವರು. ನೈಜೀರಿಯಾದ ಒಬ್ಬರು, ನನ್ನ ಜೊತೆಯ ಮಲಯಾಳಿ ನರ್ಸ್, ಚೀಲ ಹಿಡಿದು ಸಂತೆಗೆ ಹೊರಟ ಮುದುಕರು. 1958ರಲ್ಲಿ ಜೋಸೆಫ್ ಪೂಲ್ ಎಂಬ ಪಾದ್ರಿ ಬರೆದ ಪ್ರಾರ್ಥನೆ ಅದು. ದೇಶ ದೇಶಗಳ ನಡುವಿನ ದ್ವೇಷ, ತನ್ನದಲ್ಲದ್ದಕ್ಕೆ ಆಸೆ, ಭೂಮಿಯನ್ನು ಹಾಳು ಮಾಡುವ ದುರಾಸೆ, ಹೀಗೆ ಏಳು ಪಾಪ ಹೇಳುತ್ತಾರೆ. ಒಂದೊಂದಕ್ಕೂ ಎಲ್ಲರೂ ಸೇರಿ "ತಂದೆಯೇ, ಕ್ಷಮಿಸು" ಅನ್ನಬೇಕು. ನಾನು ಮನಸ್ಸಿನಲ್ಲಿ ಕನ್ನಡದಲ್ಲೇ ಅನ್ನುತ್ತೇನೆ.

ಬೇರೆಯವರ ಏಳಿಗೆ ಕಂಡು ಪಡುವ ಹೊಟ್ಟೆಕಿಚ್ಚು ಕೂಡ ಅದರಲ್ಲಿದೆ. ಹೋದ ತಿಂಗಳು ವಾರ್ಡಿನಲ್ಲಿ ನಾನು ಕಾಯುತ್ತಿದ್ದ ಹುದ್ದೆ ನನಗಿಂತ ಆಮೇಲೆ ಬಂದವಳಿಗೆ ಸಿಕ್ಕಿತು. ನಿನಗೆ ಹೇಳಿರಲಿಲ್ಲ. ಆ ಸಾಲು ಬಂದಾಗ ಬಾಯಿ ಒಣಗಿತು. ಊರಿನ ಗಾಯಕ್ಕೆ ಪ್ರಾರ್ಥನೆ ಮಾಡಲು ಹೋದವಳು ನಾನು. ಮೊದಲು ನನ್ನದೇ ಹೊರಗೆ ಬಂತು.

ನನ್ನ ಪಕ್ಕ ಒಬ್ಬರು ಅಜ್ಜಿ ನಿಲ್ಲುತ್ತಾರೆ. ಪ್ರಾರ್ಥನೆಯ ಹಾಳೆ ನೆನೆಯಬಾರದೆಂದು ಪ್ಲಾಸ್ಟಿಕ್ ಹೊದಿಕೆಯಲ್ಲಿ ಇಟ್ಟಿದ್ದಾರೆ. ಬಾಯಿಪಾಠ ಇದ್ದರೂ ಹಾಳೆ ಹಿಡಿದೇ ನಿಲ್ಲುತ್ತಾರೆ, ಕೈ ನಡುಗುತ್ತಿರುತ್ತದೆ. ಆ ರಾತ್ರಿ ಅವರಿಗೆ ನಾಲ್ಕು ವರ್ಷ. ಮೆಟ್ಟಿಲ ಕೆಳಗೆ ಅವರ ಅವ್ವ ಮೈಮೇಲೆ ಕವುಚಿ ಮಲಗಿದ್ದರಂತೆ. ತಂಗಿಯನ್ನು ಕಳೆದುಕೊಂಡ ಆ ಅವ್ವ ಮುಂದೆ ಇದೇ ಪ್ರಾರ್ಥನೆಗೆ ಬರುತ್ತಿದ್ದರು. ಎಲ್ಲರೂ ಉತ್ತರ ಹೇಳುವಾಗ ಆ ಅವ್ವ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ವರ್ಷಗಟ್ಟಲೆ ಹಾಗೇ. ಯಾವಾಗ ಹೇಳಲು ಶುರು ಮಾಡಿದರೋ ಮಗಳಿಗೇ ಗೊತ್ತಾಗಲಿಲ್ಲವಂತೆ. "ಆದರೆ ಬರುವುದನ್ನು ಬಿಡಲಿಲ್ಲ" ಅಂದರು.

ಇಂಗ್ಲೆಂಡಿನವರೂ 1945ರ ಫೆಬ್ರುವರಿಯಲ್ಲಿ ಜರ್ಮನಿಯ ಡ್ರೆಸ್ಡೆನ್ ಊರನ್ನು ಸುಟ್ಟರು. ಅಲ್ಲಿಯ ದೊಡ್ಡ ಚರ್ಚ್ ಕುಸಿದು ಕಲ್ಲಿನ ರಾಶಿಯಾಯಿತು. 1965ರಲ್ಲಿ ಕವೆಂಟ್ರಿಯ ಹುಡುಗ ಹುಡುಗಿಯರು ಡ್ರೆಸ್ಡೆನ್‌ಗೆ ಹೋಗಿ, ಬಾಂಬ್ ಬಿದ್ದ ಒಂದು ಆಸ್ಪತ್ರೆ ಕಟ್ಟಲು ಕೈಜೋಡಿಸಿದರು. ಆ ಚರ್ಚನ್ನು ಮತ್ತೆ ಕಟ್ಟಿ 2005ರಲ್ಲಿ ಪ್ರತಿಷ್ಠೆ ಮಾಡಿದರು. ಅದರ ಗುಮ್ಮಟದ ಮೇಲಿನ ಚಿನ್ನದ ಶಿಲುಬೆ ಲಂಡನ್ನಿನಲ್ಲಿ ತಯಾರಾದದ್ದು. ಅದನ್ನು ಮಾಡಿದ ಅಕ್ಕಸಾಲಿಯ ಅಪ್ಪ ಡ್ರೆಸ್ಡೆನ್ ಮೇಲೆ ಬಾಂಬ್ ಹಾಕಿದ ಪೈಲಟ್‌ಗಳಲ್ಲಿ ಒಬ್ಬರು. ಇದನ್ನು ಕೇಳಿದ ದಿನ ನನಗೆ ಕೆಲಸದಲ್ಲಿ ಮನಸ್ಸೇ ನಿಲ್ಲಲಿಲ್ಲ.

ನಾನು ಬೆಟಗೇರಿಯ ಜರ್ಮನ್ ಆಸ್ಪತ್ರೆಯಲ್ಲಿ ಹುಟ್ಟಿದವಳು ಅಂತ ಆ ಅಜ್ಜಿಗೆ ಹೇಳಿದೆ. ಬಾಸೆಲ್ ಮಿಷನ್‌ನವರು ಕಟ್ಟಿದ್ದು, ನಮ್ಮ ಊರಲ್ಲಿ ಇವತ್ತಿಗೂ ಅದೇ ಹೆಸರು ಅಂದೆ. ನಮಗೆ ಜರ್ಮನ್ ಅಂದರೆ ಸೂಲಗಿತ್ತಿ, ಔಷಧಿ, ಪ್ರಾರ್ಥನೆ. ಅವರಿಗೆ ಮೆಟ್ಟಿಲ ಕೆಳಗಿನ ಕತ್ತಲೆ. ಅಜ್ಜಿ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ನನ್ನ ಕೈ ಹಿಡಿದು, ಆ ಆಸ್ಪತ್ರೆಯಲ್ಲಿ ಈಗಲೂ ಹೆರಿಗೆ ಆಗುತ್ತದಾ ಅಂತ ಕೇಳಿದರು.

ಪ್ರಾರ್ಥನೆ ಆದ ಮೇಲೆ ಅವರವರೇ ಈಗಿನ ಊರಿನ ಮಾತು ಸೇರಿಸುತ್ತಾರೆ. ಅಂಗಡಿ ಬಾಗಿಲಲ್ಲಿ ಮಲಗುವವರು, ದೇಶ ಬಿಟ್ಟು ಬಂದ ಕುಟುಂಬಗಳು, ಸಾಲದಲ್ಲಿ ಸಿಕ್ಕ ಮನೆಗಳು. ಮುಗಿದ ಕೂಡಲೇ ಕೆಲವರು ಆಹಾರದ ಪೊಟ್ಟಣ ಹಂಚಲು ಹೋಗುತ್ತಾರೆ. ರಜೆ ಇದ್ದರೆ ನಾನೂ ಹೋಗುತ್ತೇನೆ.

ಈ ವರ್ಷ ನವೆಂಬರ್ 14 ಶುಕ್ರವಾರವೇ ಬಂದಿದೆ. 85 ವರ್ಷ ತುಂಬುತ್ತದೆ. ನಾನು ಡ್ಯೂಟಿ ಬದಲಾಯಿಸಿಕೊಂಡಿದ್ದೇನೆ. ಇಲ್ಲಿ ಹನ್ನೆರಡು ಹೊಡೆದಾಗ ಅಲ್ಲಿ ಸಂಜೆ ಐದೂವರೆ. ನೀನು ಚಹಾಕ್ಕೆ ಇಟ್ಟಿರುತ್ತೀ, ಅಪ್ಪ ಪೇಪರ್ ಮಡಚಿ ಇಟ್ಟಿರುತ್ತಾರೆ. ಒಂದು ನಿಮಿಷ ಒಲೆ ಸಣ್ಣದು ಮಾಡಿ ಇಬ್ಬರೂ ಕೂತುಕೊಳ್ಳಿ. ಈ ಊರಿಗಾಗಿ ಹೇಳಿ. ಆ ಹುದ್ದೆ ಸಿಕ್ಕವಳಿಗಾಗಿಯೂ ಹೇಳಿ ಅವ್ವ, ಅವಳಿಗೆ ಒಳ್ಳೆಯದಾಗಲಿ ಅಂತ. ಇಲ್ಲಿಂದ ನಾನು ಉತ್ತರ ಹೇಳುತ್ತೇನೆ.

ನಿಮ್ಮ ಪ್ರೀತಿಯ ಮಗಳು