ಕಾರಣ ಬೇಡ, ಅಳತೆ ಪುಸ್ತಕ ಕೇಳಿ

ಮಾನ್ಯ ಸಂಪಾದಕರೆ,

ಕಲಬುರಗಿ ಮಹಾನಗರ ಪಾಲಿಕೆಯ 55 ವಾರ್ಡುಗಳಲ್ಲಿ ಯಾವ ಚರಂಡಿಗೆ ಎಷ್ಟು ಖರ್ಚಾಯಿತು ಎಂಬುದು ಅರ್ಜಿ ಹಾಕದೆಯೇ ಗೊತ್ತಾಗಬೇಕು. ಮಾಹಿತಿ ಹಕ್ಕು ಕಾಯ್ದೆ–2005ರ ಸೆಕ್ಷನ್ 4ರ ಆಶಯವೂ ಅದೇ. ಅಲ್ಲಿಯವರೆಗೆ ಅರ್ಜಿಯೇ ಗತಿ. ‘ರಸ್ತೆ ಏಕೆ ಕಿತ್ತುಹೋಯಿತು?’ ಎಂದು ಕೇಳಿದರೆ ಅರ್ಜಿ ಅಲ್ಲೇ ಬೀಳುತ್ತದೆ. ಕಾಯ್ದೆ ಕೊಡಿಸುವುದು ಇರುವ ದಾಖಲೆಯನ್ನಷ್ಟೆ. ಕಾಮಗಾರಿ ಆದೇಶ, ಅಂದಾಜು ಪಟ್ಟಿ, ಆದ ಕೆಲಸದ ಅಳತೆ ಬರೆದಿಡುವ ಅಳತೆ ಪುಸ್ತಕದ ಪ್ರತಿ ಕೇಳಿ. ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, ಶುಲ್ಕ 10 ರೂಪಾಯಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಸೆಕ್ಷನ್ 2(ಜೆ) ಪ್ರಕಾರ ಕಾಂಕ್ರೀಟಿನ ದೃಢೀಕೃತ ಮಾದರಿಯನ್ನೂ (ಸ್ಯಾಂಪಲ್) ಪಡೆಯಬಹುದು, ಕೇಳುವವರೇ ಇಲ್ಲ ಅಷ್ಟೆ. ಪಾಲಿಕೆಯವರು ಅಂದಾಜು ಪಟ್ಟಿಯನ್ನು ಕಾಮಗಾರಿ ಸ್ಥಳದಲ್ಲೇ ಕನ್ನಡದಲ್ಲಿ ಹಾಕಲಿ.

– ವಾರ್ಡಿನ ನಾಗರಿಕರು, ಕಲಬುರಗಿ