ಇಳಿಜಾರಿನ ತೋಟಕ್ಕೆ ಎತ್ತರದ ಎಟಿವಿ ಬೇಡ

ಸಂಪಾದಕರಿಗೆ ನಮಸ್ಕಾರ,

ಎಟಿವಿಗೆ (ಬೈಕಿನ ಹಾಗೆ ಕೂತು ಓಡಿಸುವ, ಕಚ್ಚಾ ದಾರಿಯ ನಾಲ್ಕು ಚಕ್ರದ ಗಾಡಿ) ಕೆಸರಿಗೆಂದೇ ಮಾಡಿದ ಮಡ್ ಟೈರ್, ಗಾಡಿಯನ್ನು ಎತ್ತರಿಸುವ ಲಿಫ್ಟ್ ಕಿಟ್ ಹಾಕಿಸುವ ಬಗ್ಗೆ ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ನಮ್ಮ ಕಡೆಯ ಇಬ್ಬರು ಹುಡುಗರೂ ಓದಿದ್ದಾರೆ, ಅವತ್ತೇ ಫೋನ್ ಮಾಡಿ "ಅಣ್ಣ, ನಾವೂ ಗಾಡಿ ಎತ್ತರ ಮಾಡಿಸೋಣ ಅಂತಿದ್ದೀವಿ" ಅಂದರು. ಫೋಟೊ ಚೆನ್ನಾಗಿಯೇ ಇತ್ತು ಬಿಡಿ. ಕೆಸರು ಹಾರಿಸಿಕೊಂಡು ಹೋಗುವ ಗಾಡಿ ನೋಡಿದರೆ ಯಾರಿಗೆ ಆಸೆ ಆಗಲ್ಲ? ಆದರೆ ಇಳಿಜಾರಿನ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಮಲೆನಾಡಿನಲ್ಲಿ ಸಪಾಟು ಜಾಗ ಅಂದರೆ ಗದ್ದೆ, ಅದು ಬಿಟ್ಟರೆ ಕಾಫಿ ಒಣಗಿಸುವ ಕಣ, ಅಷ್ಟೇ ಅಲ್ವಾ?

ನನ್ನದು ಸಕಲೇಶಪುರ ತಾಲ್ಲೂಕಿನಲ್ಲಿ ಕಾಫಿ ತೋಟ. ಗೊಬ್ಬರ, ಔಷಧಿ ಕ್ಯಾನು ಸಾಗಿಸಲು ಒಂದು ಹಳೇ ಎಟಿವಿ ತೆಗೆದುಕೊಂಡಿದ್ದೆ. ಟೈರ್ ಮೇಲೆ 25×8-12 ಅಂತ ಬರೆದಿತ್ತು. ಅಂದರೆ 25 ಇಂಚು ಎತ್ತರ, 8 ಇಂಚು ಅಗಲ, 12 ಇಂಚಿನ ರಿಮ್. ಮಳೆಗಾಲದಲ್ಲಿ ಹಳ್ಳದ ಪಕ್ಕ ಎರಡು ಸಲ ಹೂತುಕೊಂಡಿತು. ಸರಿ, ಅಂಗಡಿಯವರ ಮಾತು ಕೇಳಿ 28 ಇಂಚಿನ ಮಡ್ ಟೈರು, 2 ಇಂಚಿನ ಲಿಫ್ಟು ಎರಡನ್ನೂ ಒಟ್ಟಿಗೇ ಹಾಕಿಸಿದೆ.

ಟೈರ್ 3 ಇಂಚು ದೊಡ್ಡದಾದರೆ ಗಾಡಿ ಏಳುವುದು ಒಂದೂವರೆ ಇಂಚು ಮಾತ್ರ, ಯಾಕೆಂದರೆ ಅಚ್ಚಿನಿಂದ ಕೆಳಗಿನ ಅರ್ಧವಷ್ಟೇ ಲೆಕ್ಕಕ್ಕೆ ಬರುತ್ತದೆ. ಆ ಒಂದೂವರೆ ಇಂಚಿಗೆ ಎಂಜಿನ್ ಎಳೆಯಬೇಕಾದ ಚಕ್ರ ಶೇ 12ರಷ್ಟು ದೊಡ್ಡದಾಯಿತು, ಭಾರವೂ ಜಾಸ್ತಿ. ಈ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಸ್ಕೂಟರ್ ತರಹ ಬೆಲ್ಟ್ ಇರುತ್ತದೆ. ಮೂಟೆ ಹೇರಿಕೊಂಡು ನಿಧಾನಕ್ಕೆ ಏರು ಹತ್ತಿದರೆ ಬೆಲ್ಟ್ ಸುಟ್ಟ ವಾಸನೆ. ಲಿಫ್ಟ್ ಹಾಕಿದ್ದರಿಂದ ಆಕ್ಸಲ್ ಓರೆಯಾಗಿ ತಿರುಗಬೇಕು, ಅದರ ತುದಿಯ ರಬ್ಬರ್ ಬೂಟು ನಾಲ್ಕೇ ತಿಂಗಳಲ್ಲಿ ಹರಿದು ಒಳಗೆ ಕೆಸರು ಹೋಗಿ, ತಿರುವಿನಲ್ಲೆಲ್ಲ ಕಟಕಟ ಸದ್ದು ಶುರುವಾಯಿತು.

ಇದೆಲ್ಲ ದುಡ್ಡಿನ ಮಾತು, ಹೋಗಲಿ. ಒಂದು ದಿನ ಯೂರಿಯಾ ಮೂಟೆ ಕಟ್ಟಿಕೊಂಡು, ವರ್ಷವಿಡೀ ಓಡಾಡಿದ್ದ ಅದೇ ತಿರುವಿನಲ್ಲಿ ಅಡ್ಡಕ್ಕೆ ಹೋಗುತ್ತಿದ್ದೆ. ಧರೆ ಕಡೆಯ, ಅಂದರೆ ಇಳಿಜಾರಿನ ಮೇಲ್ಬದಿಯ, ಮುಂದಿನ ಚಕ್ರ ಮೆಲ್ಲಗೆ ಎದ್ದಿತು. ಎಷ್ಟು ಮೆಲ್ಲಗೆ ಅಂದರೆ, ಮೊದಲು ಕಲ್ಲು ಹತ್ತಿತು ಅಂದುಕೊಂಡೆ. ಹಿಂದಿನದೂ ಎದ್ದಾಗ ಧರೆ ಕಡೆಗೆ ಹಾರಿದೆ. ಗಾಡಿ ಮಗುಚಿ, ನಾಲ್ಕು ಅರೇಬಿಕಾ ಗಿಡ ಮುರಿದು, ಕೆಳಗಿನ ಸಿಲ್ವರ್ ಓಕ್ ಮರಕ್ಕೆ ಸಿಕ್ಕಿಕೊಂಡಿತು. ಮರ ಇಲ್ಲದಿದ್ದರೆ ಹಳ್ಳದಲ್ಲಿ ಹುಡುಕಬೇಕಿತ್ತು. ಮೂರೂವರೆ ಇಂಚು ಕೇಳಲು ಏನೂ ಅಲ್ಲ, ಆದರೆ ಗಾಡಿಯ ಅಗಲ ಇದ್ದಷ್ಟೇ ಇದ್ದು ಎಂಜಿನ್, ಮೂಟೆ, ಕೂತವನು ಎಲ್ಲ ಮೇಲೆ ಹೋದರೆ ಇನ್ನೇನಾಗುತ್ತದೆ?

ಮಡ್ ಟೈರಿನ ಮೇಲೆ ಎದ್ದಿರುವ ದಪ್ಪ ರಬ್ಬರ್ ಗುಬ್ಬಿಗಳು ಟ್ರ್ಯಾಕ್ಟರ್ ಟೈರಿನ ಹಾಗೆ ಮಣ್ಣು ಬಗೆಯುತ್ತವೆ. ಸ್ವಲ್ಪ ಜಾರಿ ಚಕ್ರ ಸುತ್ತಿದರೂ ದಾರಿಯಲ್ಲಿ ಕಾಲುವೆ. ಜೂನ್ ಮಳೆ ಆ ಕಾಲುವೆಯಲ್ಲೇ ಇಳಿದು ಕೆಳಗೆ ಮಳೆನೀರು ಇಂಗಲು ತೋಡಿದ ತೊಟ್ಟಿಲು ಗುಂಡಿಗಳಿಗೆಲ್ಲ ಹೂಳು ತುಂಬಿತು. ಗುಂಡಿ ಬಿಡಿಸಲು ಆಳು ಸಿಗುವ ಕಾಲವೇ ಇದು?

ಈಗ ಲಿಫ್ಟ್ ತೆಗೆಸಿದ್ದೇನೆ. 26 ಇಂಚಿನ, ಸುಮಾರು 1 ಇಂಚು ಗುಬ್ಬಿಯ, 6 ಪ್ಲೈ (ಟೈರಿನ ಗಟ್ಟಿತನದ ಅಳತೆ) ಟೈರ್ ಹಾಕಿದ್ದೇನೆ, ಕಲ್ಲಿಗೂ ತಡೆಯುತ್ತದೆ. ಗಾಳಿ 5 ಪಿಎಸ್‌ಐ. ಇದನ್ನು ಯಾರೂ ಹೇಳುವುದಿಲ್ಲ ನೋಡಿ. ಪಂಕ್ಚರ್ ಅಂಗಡಿಯ ಹುಡುಗ ಸ್ಕೂಟರಿಗೆ ಹಾಕುವ ಹಾಗೆ 25 ತುಂಬಿಸಿ ಕಳಿಸಿದ್ದ, ಗಾಡಿ ಚೆಂಡಿನ ಹಾಗೆ ಪುಟಿಯುತ್ತಿತ್ತು. ಅವರ ಗೇಜಿನಲ್ಲಿ 5 ಸರಿಯಾಗಿ ಕಾಣುವುದೂ ಇಲ್ಲ, ಕಡಿಮೆ ಒತ್ತಡದ್ದೇ ಬೇರೆ ಸಿಗುತ್ತದೆ, ತೆಗೆದಿಟ್ಟುಕೊಳ್ಳಿ. ಎಷ್ಟು ಗಾಳಿ ಅಂತ ಗಾಡಿಯ ಸ್ಟಿಕ್ಕರ್ ಮೇಲೇ ಇರುತ್ತದೆ. ಹೂತುಕೊಳ್ಳುವುದು ಪೂರ್ತಿ ನಿಂತಿದೆಯಾ ಅಂದರೆ ಇಲ್ಲ, ಅದಕ್ಕೆ ಮುಂದೆ ಹಗ್ಗ ಸುತ್ತಿ ಗಾಡಿಯನ್ನು ಎಳೆಯುವ ವಿಂಚ್ ಇದೆ.

ಗದ್ದೆ ಬಯಲಿನಲ್ಲಿ, ಎರೆ ಮಣ್ಣಿನಲ್ಲಿ ಓಡಿಸುವವರು ಮಡ್ ಟೈರ್ ಧಾರಾಳವಾಗಿ ಹಾಕಿಸಲಿ. ಗುಬ್ಬಿಗಳ ನಡುವೆ ಜಾಗ ಜಾಸ್ತಿ ಇರುವುದನ್ನೇ ಆರಿಸಿ, ಇಲ್ಲದಿದ್ದರೆ ಎರೆ ಮೆತ್ತಿಕೊಂಡು ಟೈರ್ ಸೌತೆಕಾಯಿಯಷ್ಟು ನುಣ್ಣಗಾಗುತ್ತದೆ. ಜೀಪಿಗೆ ಲಿಫ್ಟ್ ಹಾಕಿಸುವವರ ಕಥೆ ಬೇರೆ. ನೋಂದಣಿಯಾದ ಗಾಡಿಯನ್ನು ಕಂಪನಿಯ ಮೂಲ ವಿವರಕ್ಕೆ ಹೊಂದದಂತೆ ಬದಲಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಮುಂದಿನ ಸಲ ಇಂಥ ಬರಹ ಹಾಕುವಾಗ ಇಳಿಜಾರಿನಲ್ಲಿ ಅಡ್ಡಕ್ಕೆ ಹೋಗುವ ಗಾಡಿಯ ಫೋಟೊ ಒಂದನ್ನಾದರೂ ಹಾಕಿ. ಆ ಹುಡುಗರಿಬ್ಬರಿಗೆ ಭಾನುವಾರ ತೋಟಕ್ಕೆ ಬನ್ನಿ ಅಂದಿದ್ದೇನೆ. ಸಿಲ್ವರ್ ಓಕ್ ಮರದ ತೊಗಟೆ ಇನ್ನೂ ಕಿತ್ತುಕೊಂಡೇ ಇದೆ.

– ಒಬ್ಬ ಕಾಫಿ ಬೆಳೆಗಾರ, ಸಕಲೇಶಪುರ ತಾಲ್ಲೂಕು